‘ಅವರಲ್ಲಿ ನಿಜವಾದವಳು ಯಾರು?’

ಪ್ರಶ್ನೆ: ನನ್ನ ಗೆಳತಿ ತನ್ನೊಳಗೆ ನಾಲ್ವರಿದ್ದಾರೆ ಎನ್ನುತ್ತಾಳೆ. ಕೆಲವೊಮ್ಮೆ ಅವಳ ದನಿ, ನಡವಳಿಕೆ ಎಲ್ಲವೂ ಬದಲಾಗುತ್ತವೆ. ಆಮೇಲೆ ಕೇಳಿದರೆ ಅವಳಿಗೆ ನೆನಪೇ ಇರುವುದಿಲ್ಲ. ಅವರಲ್ಲಿ ನಿಜವಾದವಳು ಯಾರು?

ಉತ್ತರ: ನಾಲ್ವರೂ ನಿಜ. ನಾಲ್ವರೂ ಸೇರಿಯೇ ನಿಮ್ಮ ಗೆಳತಿ. ಈ ಪ್ರಶ್ನೆಯನ್ನು ಬಹಳ ಜನ ಕಾಳಜಿಯಿಂದಲೇ ಕೇಳುತ್ತಾರೆ. ಆದರೆ ಅಸಲಿ ಯಾರು, ನಕಲಿ ಯಾರು ಎಂದು ಹುಡುಕಲು ಹೊರಟರೆ ಆಕೆಗೆ ನೋವಾಗುವುದೇ ಹೆಚ್ಚು.

‘ನಾನು’ ಎಂಬ ಭಾವ ಹುಟ್ಟುವಾಗಲೇ ಸಿದ್ಧವಾಗಿ ಬರುವುದಿಲ್ಲ. ಹಸಿದು ಅಳುವುದು, ಅಮ್ಮನನ್ನು ಕಂಡು ನಗುವುದು, ಹೆದರಿ ಮುದುಡಿಕೊಳ್ಳುವುದು, ಮಗುವಿನ ಈ ಬಿಡಿ ಬಿಡಿ ಸ್ಥಿತಿಗಳು ಅಕ್ಕರೆಯ ಆಸರೆಯಲ್ಲಿ ಮೆಲ್ಲನೆ ಬೆಸೆದುಕೊಳ್ಳುತ್ತವೆ. ಎಳವೆಯಲ್ಲೇ ಹಿಂಸೆ ಅಥವಾ ಲೈಂಗಿಕ ದೌರ್ಜನ್ಯ ಮತ್ತೆ ಮತ್ತೆ ನಡೆದರೆ, ಅದೂ ಕಾಪಾಡಬೇಕಾದವರಿಂದಲೇ ನಡೆದರೆ, ಕೆಲವರಲ್ಲಿ ಆ ಬೆಸುಗೆ ಕೂಡುವುದಿಲ್ಲ. ರಾತ್ರಿ ನಡೆದದ್ದು ಒಳಗಿನ ಒಬ್ಬಳ ನೆನಪಿನಲ್ಲಿ ಉಳಿಯುತ್ತದೆ. ಬೆಳಿಗ್ಗೆ ಶಾಲೆಗೆ ಹೋಗುವವಳಿಗೆ ಅದು ತಿಳಿದೇ ಇರುವುದಿಲ್ಲ. ತಿಳಿಯದಿರುವುದರಿಂದಲೇ ಅವಳಿಗೆ ಮಗ್ಗಿ ಹೇಳಲು, ಗೆಳತಿಯರ ಜತೆ ಆಡಲು ಸಾಧ್ಯವಾಗುತ್ತದೆ. ಅಷ್ಟು ಚಿಕ್ಕ ಜೀವ ಬದುಕುಳಿಯಲು ಕಂಡುಕೊಂಡ ಈ ದಾರಿಗೆ ನಾನು ತಲೆಬಾಗುತ್ತೇನೆ.

ಹೀಗೆ ಬೇರೆಯಾಗಿ ಉಳಿದವರನ್ನು ಆಲ್ಟರ್ ಎಂದೂ ಎಲ್ಲರನ್ನೂ ಒಟ್ಟಾಗಿ ಸಿಸ್ಟಮ್ ಎಂದೂ ಕರೆಯುವುದು ರೂಢಿ. ಈ ಸ್ಥಿತಿಗಿದ್ದ ‘ಮಲ್ಟಿಪಲ್ ಪರ್ಸನಾಲಿಟಿ’ (ಬಹು ವ್ಯಕ್ತಿತ್ವ) ಎಂಬ ಹಳೆಯ ಹೆಸರನ್ನು ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಕೈಬಿಟ್ಟು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’, ಅಂದರೆ ‘ನಾನು’ ಎಂಬ ಗುರುತೇ ಬಿಡಿ ಬಿಡಿಯಾಗಿ ಉಳಿಯುವ ತೊಂದರೆ, ಎಂದು ಬದಲಿಸಿತು. ಇದು ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆ ಅಲ್ಲ. ಇದೆಲ್ಲ ಸಿನಿಮಾ ಮತ್ತು ಚಿಕಿತ್ಸಕರ ಸೂಚನೆಗಳಿಂದ ಹುಟ್ಟಿದ ಕಲ್ಪನೆ ಎನ್ನುವ ವಿದ್ವಾಂಸರೂ ಇದ್ದಾರೆ. ಆದರೆ 2012ರಲ್ಲಿ ಪ್ರಕಟವಾದ ಮಿದುಳಿನ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ಆಲ್ಟರ್‌ಗಳಂತೆ ನಟಿಸಲು ಹೇಳಿದವರ ಮಿದುಳು ಮತ್ತು ಹೃದಯ ಬಡಿತಗಳಲ್ಲಿ, ಆಲ್ಟರ್ ಬದಲಾದಾಗ ರೋಗಿಗಳಲ್ಲಿ ಕಂಡ ವ್ಯತ್ಯಾಸಗಳು ಮೂಡಲಿಲ್ಲ. ನನ್ನ ಒಲವು ಯಾವ ಕಡೆ ಎಂದು ಬೇರೆ ಹೇಳಬೇಕಿಲ್ಲ.

ಮೈಮೇಲೆ ದೇವರು ಬರುವುದೂ ಇದೇ ಏನು ಎಂದು ನಮ್ಮಲ್ಲಿ ಕೇಳುವವರು ಅನೇಕರು. ಸಮುದಾಯ ಒಪ್ಪಿದ ಆಚರಣೆಯ ಚೌಕಟ್ಟಿನಲ್ಲಿ ನಡೆಯುವುದನ್ನು, ಕೋಲದಲ್ಲಿ ದೈವದ ಆವೇಶವಾಗುವಂಥದ್ದನ್ನು, ವೈದ್ಯರು ಕಾಯಿಲೆ ಎನ್ನುವುದಿಲ್ಲ. ಬೇಡವೆಂದರೂ ಬಂದು ಬದುಕನ್ನು ಕಂಗೆಡಿಸುವ ಆವೇಶದ ಮಾತು ಬೇರೆ.

ನಿತ್ಯದ ಕಷ್ಟ ಸಿನಿಮಾದಷ್ಟು ಅಬ್ಬರದ್ದಲ್ಲ. ಬೀರುವಿನಲ್ಲಿ ತಾನು ಕೊಂಡ ನೆನಪಿಲ್ಲದ ಕುರ್ತಾ ಇರುತ್ತದೆ. ಮೊಬೈಲಿನಲ್ಲಿ ತಾನು ಕಳುಹಿಸಿದ್ದು ಗೊತ್ತೇ ಇಲ್ಲದ ಸಂದೇಶ ಕಾಣುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ‘ಮರೆವು ಜಾಸ್ತಿ’ ಎಂದು ತೇಲಿಸುತ್ತ ಬಂದಿರುತ್ತಾರೆ. ಇದಕ್ಕಾಗಿ ಕೆಲವರು ಒಳಗಿನ ಎಲ್ಲರಿಗೂ ಸೇರಿದ ಒಂದು ನೋಟ್‌ಬುಕ್ ಇಡುತ್ತಾರೆ. ‘ಮನೆ ಬಾಡಿಗೆ ಕಟ್ಟಿದ್ದೇನೆ, ಮತ್ತೆ ಕಟ್ಟಬೇಡಿ’ ಎಂದು ಒಬ್ಬರು ಬರೆದರೆ, ಅದರ ಕೆಳಗೆ ‘ಲೈಟ್ ಆರಿಸಬೇಡಿ, ಭಯ’ ಎಂದು ಪುಟ್ಟ ಹುಡುಗಿಯ ಸೊಟ್ಟ ಅಕ್ಷರ. ಚಿಕಿತ್ಸೆಯೂ ಹೆಚ್ಚುಕಡಿಮೆ ಇಲ್ಲಿಂದಲೇ ಶುರು: ಮೊದಲು ಸುರಕ್ಷತೆ, ಒಳಗಿನವರ ನಡುವೆ ಮಾತುಕತೆ, ಹಳೆಯ ಗಾಯದ ಮಾತು ಆಮೇಲೆ. ಕೊನೆಗೆ ಕೆಲವರು ಒಂದಾಗುತ್ತಾರೆ. ಇನ್ನು ಕೆಲವರು ಹಲವರಾಗಿಯೇ ಹೊಂದಿಕೊಂಡು ಬಾಳುತ್ತಾರೆ. ಆ ಆಯ್ಕೆ ಅವರದು.

ನೀವು ಮಾಡಬಹುದಾದದ್ದು ಇಷ್ಟು. ಎದುರಿಗಿರುವವರು ಹೇಳಿದ ಹೆಸರಿನಿಂದಲೇ ಮಾತನಾಡಿಸಿ. ‘ಈಗ ಅವಳನ್ನು ಕರೆ’ ಎಂದು ಕುತೂಹಲಕ್ಕೆ ಕೇಳಬೇಡಿ. ಬಾಲ್ಯದಲ್ಲಿ ಏನಾಯಿತೆಂದು ಕೆದಕಬೇಡಿ. ಸಿಟ್ಟಿನ ಆಲ್ಟರ್ ಎದುರಾದರೆ ಹೆದರಬೇಡಿ. ಉಳಿದವರನ್ನು ಕಾಯುವ ಹೊಣೆ ಹೊತ್ತವರು ಬಹುಮಟ್ಟಿಗೆ ಅವರೇ. ಆಕೆಯ ಅನುಮತಿಯಿಲ್ಲದೆ ಮನೆಯವರಿಗೆ ತಿಳಿಸಬೇಡಿ, ನೋವು ಕೊಟ್ಟವರು ಅದೇ ಮನೆಯಲ್ಲಿರಬಹುದು. ಸ್ವಂತ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತು ಯಾರ ಬಾಯಿಂದ ಬಂದರೂ ಒಬ್ಬಳನ್ನೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.