ಡ್ರ್ಯಾಗ್ ರೇಸ್ ಚಕ್ರ: ರಿಮ್ ಮೇಲೆ ಟೈರ್ ಜಾರದಂತೆ ಹಿಡಿಯುವುದು ಹೇಗೆ?

ಡ್ರ್ಯಾಗ್ ರೇಸ್ ಎಂದರೆ ನೇರ ಟ್ರ್ಯಾಕ್ ಮೇಲೆ ನಿಂತಲ್ಲಿಂದ ಒಮ್ಮೆಲೇ ಹೊರಟು ಓಡುವ ವೇಗದ ಪಂದ್ಯ. ಅಲ್ಲಿ ‘ಟೈರ್ ಜಾರಿತು’ ಅಂದರೆ ಎರಡು ಬೇರೆ ಬೇರೆ ಸಂಗತಿ. ಒಂದು, ರಬ್ಬರ್ ಟ್ರ್ಯಾಕ್ ಮೇಲೆ ಜಾರಿ ಹೊಗೆ ಎಬ್ಬಿಸುವುದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇನ್ನೊಂದು, ಟೈರ್ ನೆಲವನ್ನು ಗಟ್ಟಿಯಾಗಿ ಕಚ್ಚಿಕೊಂಡಿರುವಾಗ ರಿಮ್ ಮಾತ್ರ ಅದರೊಳಗೆ ತಿರುಗಿಬಿಡುವುದು. ಇದಕ್ಕೆ ಹೊಗೆ ಇಲ್ಲ, ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಈ ಟಿಪ್ಪಣಿ ಎರಡನೆಯದರ ಬಗ್ಗೆ. ಮೊದಲನೆಯದನ್ನು ಚೆನ್ನಾಗಿ ತಡೆದಷ್ಟೂ ಎರಡನೆಯದು ಆಗುವ ಸಂಭವ ಜಾಸ್ತಿ. ಇದನ್ನು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಸುತ್ತಿದ ದಪ್ಪ ಬಳೆ ಇರುತ್ತದಲ್ಲ, ಅದೇ ಬೀಡ್. ರಿಮ್‌ನಲ್ಲಿ ಅದು ಕೂರುವ ಜಾಗ ಬೀಡ್ ಸೀಟ್. ಪಕ್ಕದಲ್ಲಿ ಎದ್ದು ನಿಂತಿರುವ ಅಂಚು ಫ್ಲ್ಯಾಂಜ್. ಸಾಮಾನ್ಯ ಚಕ್ರದಲ್ಲಿ ರಿಮ್‌ಗೂ ಟೈರಿಗೂ ನಡುವೆ ಬೋಲ್ಟೂ ಇಲ್ಲ, ಹಲ್ಲೂ ಇಲ್ಲ. ಎಂಜಿನ್ನಿನ ಬಲವೆಲ್ಲ ದಾಟಿ ಹೋಗುವುದು ಬರೀ ಘರ್ಷಣೆಯ ಮೇಲೆ. ಬೀಡ್ ಅನ್ನು ಒತ್ತಿ ಹಿಡಿಯುವುದು ಎರಡು: ತಂತಿಯ ಬಿಗಿತ, ಒಳಗಿನ ಗಾಳಿಯ ಒತ್ತಡ. ರಸ್ತೆ ಕಾರಿಗೆ ನಾವು 30–35 ಪಿಎಸ್‌ಐ ಗಾಳಿ ಹೊಡೆಸುತ್ತೇವೆ. ಡ್ರ್ಯಾಗ್ ಸ್ಲಿಕ್‌ಗೆ, ಅಂದರೆ ಮೈ ನುಣುಪಾಗಿರುವ ರೇಸ್ ಟೈರಿಗೆ, ಎಷ್ಟೋ ಸಲ 12–15 ಪಿಎಸ್‌ಐ ಅಷ್ಟೇ. ಗಾಳಿ ಕಡಿಮೆಯಾದರೆ ಟೈರ್ ನೆಲದ ಮೇಲೆ ಹೆಚ್ಚು ಹರಡುತ್ತದೆ, ಹಿಡಿತ ಹೆಚ್ಚುತ್ತದೆ. ಆದರೆ ಬೀಡ್ ಒತ್ತುವ ಬಲ ಅಷ್ಟೇ ಇಳಿಯುತ್ತದೆ.

ಒಂದು ಲೆಕ್ಕ ಮಾಡೋಣ. ಕಾರಿನ ತೂಕ 1400 ಕೆ.ಜಿ., ಲಾಂಚ್‌ನಲ್ಲಿ, ಅಂದರೆ ಗಾಡಿ ನಿಂತಲ್ಲಿಂದ ಹೊರಡುವಾಗ, 1.5 ಜಿ (ಗುರುತ್ವದ ಒಂದೂವರೆ ಪಟ್ಟು) ವೇಗೋತ್ಕರ್ಷ ಅಂದುಕೊಳ್ಳಿ. ಬೇಕಾಗುವ ಬಲ ಸುಮಾರು 20,600 ನ್ಯೂಟನ್. ಹಿಂದಿನ ಎರಡು ಟೈರಿಗೆ ಹಂಚಿದರೆ ಒಂದಕ್ಕೆ 10,300. ಇದು ಟೈರ್ ನೆಲ ಮುಟ್ಟುವ ಜಾಗದ ಬಲ. ಟೈರ್ 28 ಇಂಚು ಎತ್ತರ, ರಿಮ್ 15 ಇಂಚು ಆದರೆ ತ್ರಿಜ್ಯಗಳು 14 ಮತ್ತು 7.5. ಟಾರ್ಕ್ (ತಿರುಗಿಸುವ ಬಲ) ಒಂದೇ, ತ್ರಿಜ್ಯ ಚಿಕ್ಕದು. ಹಾಗಾಗಿ ಬೀಡ್ ಹತ್ತಿರ ಬಲ ಸುಮಾರು 1.87 ಪಟ್ಟು, ಅಂದರೆ 19,200 ನ್ಯೂಟನ್. ಎರಡು ಬೀಡ್‌ಗೆ ಹಂಚಿದರೂ ಒಂದೊಂದರ ಮೇಲೆ ಹೆಚ್ಚುಕಡಿಮೆ ಒಂದು ಟನ್ ಎಳೆತ! ಟೈರ್ ಎತ್ತರ ಆದಷ್ಟೂ, ರಿಮ್ ಚಿಕ್ಕದಾದಷ್ಟೂ ಇದು ಏರುತ್ತದೆ. ಅಮೆರಿಕದ ಟಾಪ್ ಫ್ಯೂಯೆಲ್ ಎಂಬ ಅತಿ ವೇಗದ ಡ್ರ್ಯಾಗ್ ಕಾರುಗಳಲ್ಲಿ ಹಿಂದಿನ ಟೈರ್ 36 ಇಂಚು, ರಿಮ್ 16 ಇಂಚು. ಅನುಪಾತ 2.25. ಅದರ ಹಿಂದೆ 10,000ಕ್ಕೂ ಹೆಚ್ಚು ಕುದುರೆ ಶಕ್ತಿಯ ಎಂಜಿನ್. ಅಲ್ಲಿ ಬರೀ ಘರ್ಷಣೆಯನ್ನು ನಂಬಿ ಕೂರಲು ಆಗುವುದಿಲ್ಲ, ಬೀಡ್ ಅನ್ನು ಬೋಲ್ಟ್ ಹಾಕಿ ಅದುಮಿ ಹಿಡಿಯುವ ಬೀಡ್‌ಲಾಕ್ ಬೇಕೇ ಬೇಕು.

ಸ್ವಲ್ಪ ಜಾರಿದರೆ ಏನಾಗುತ್ತದೆ? ಮೊದಲು ಬ್ಯಾಲೆನ್ಸ್ ಕೆಡುತ್ತದೆ. ತೂಕದ ತುಂಡುಗಳು ರಿಮ್ ಮೇಲಿವೆ, ಟೈರ್ ಜಾಗ ಬದಲಿಸಿದೆ. ಟ್ರ್ಯಾಕಿನ ಕೊನೆಯಲ್ಲಿ ಗಾಡಿ ನಡುಗಲು ಶುರುವಾಗುತ್ತದೆ. ಟ್ಯೂಬ್ ಇದ್ದರೆ ವಿಷಯ ಇನ್ನೂ ಗಂಭೀರ. ಟ್ಯೂಬ್ ಟೈರಿನ ಜೊತೆ ಹಿಂದೆ ಉಳಿಯುತ್ತದೆ, ವಾಲ್ವ್ ರಿಮ್‌ನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬುಡದಲ್ಲಿ ಹರಿದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಅದೂ ವೇಗ ಏರಿರುವಾಗ. ಮೋಟೋಕ್ರಾಸ್ ಬೈಕ್‌ಗಳಲ್ಲಿ ರಿಮ್ ಲಾಕ್ (ಬೀಡ್ ಅನ್ನು ರಿಮ್‌ಗೆ ಒತ್ತಿ ಹಿಡಿಯುವ ತುಂಡು) ಹಾಕುವುದೂ ಇದೇ ಭಯಕ್ಕೆ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಗುರುತು ಹಾಕಿ. ರಿಮ್‌ನ ಅಂಚಿನಿಂದ ಟೈರಿನ ಪಕ್ಕದ ಗೋಡೆಯವರೆಗೆ (ಸೈಡ್‌ವಾಲ್) ಪೇಂಟ್ ಮಾರ್ಕರ್‌ನಲ್ಲಿ ಒಂದೇ ನೇರ ಗೆರೆ. ಹೊರಬದಿಯಲ್ಲೂ ಹಾಕಿ, ಒಳಬದಿಯಲ್ಲೂ ಹಾಕಿ. ಪ್ರತಿ ಓಟದ ನಂತರ ನೋಡಿ. ರಿಮ್ ಮೇಲಿನ ಗೆರೆ ಚಕ್ರ ತಿರುಗುವ ದಿಕ್ಕಿಗೆ ಮುಂದೆ ಹೋಗಿದ್ದರೆ ಲಾಂಚ್‌ನಲ್ಲಿ ಜಾರಿದೆ. ಹಿಂದೆ ಬಿದ್ದಿದ್ದರೆ ಬ್ರೇಕ್‌ನಲ್ಲಿ. 15 ಇಂಚು ರಿಮ್‌ನ ಸುತ್ತಳತೆ ಸುಮಾರು 120 ಸೆಂ.ಮೀ. ಗೆರೆ 2 ಸೆಂ.ಮೀ. ಸರಿದರೆ 6 ಡಿಗ್ರಿ ತಿರುಗಿದೆ ಎಂದು ಅರ್ಥ. ಇಷ್ಟು ಸುಲಭದ, ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಎಲ್ಲರೂ ಮಾಡಲೇಬೇಕು.

ಮುಂದಿನದು ಟೈರ್ ಕೂರಿಸುವ ರೀತಿ. ಬೀಡ್ ಸೀಟ್ ಮೇಲಿನ ಹಳೆಯ ರಬ್ಬರ್, ಜಿಡ್ಡು, ಪಾಲಿಶ್ ಎಲ್ಲ ಉಜ್ಜಿ ತೆಗೆಯಬೇಕು. ಟೈರನ್ನು ರಿಮ್ ಮೇಲೆ ಏರಿಸಲು ಸೋಪ್ ನೀರು ಸ್ವಲ್ಪ ಸಾಕು. ಎಣ್ಣೆ, ಗ್ರೀಸ್, ಸಿಲಿಕೋನ್ ಬೇಡವೇ ಬೇಡ. ಟೈರ್ ಹಾಕಿದ ತಕ್ಷಣ ಓಡಿಸಬೇಡಿ. ಸೋಪ್ ನೀರು ಒಣಗುವ ತನಕ ಅದು ಜಾರಿಸುವ ಕೆಲಸವನ್ನೇ ಮಾಡುತ್ತದೆ. ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು.

ಇದಾದ ಮೇಲೂ ಗೆರೆ ಸರಿಯುತ್ತಿದ್ದರೆ ಲೋಹದ ಸಹಾಯ ಬೇಕು. ಬೀಡ್ ಸೀಟ್ ಮೇಲೆ ನರ್ಲಿಂಗ್, ಅಂದರೆ ಸಣ್ಣ ಸಣ್ಣ ಹಲ್ಲಿನ ಗೀರು ಮಾಡಿಸಬಹುದು. ರಿಮ್‌ಗೆ ತೂತು ಬೀಳುವುದಿಲ್ಲ, ಟ್ಯೂಬ್‌ಲೆಸ್‌ಗೆ ನನ್ನ ಆಯ್ಕೆ ಇದೇ. ರಿಮ್ ಸ್ಕ್ರೂ ಹಳೆಯ ಉಪಾಯ. ಫ್ಲ್ಯಾಂಜ್‌ನಲ್ಲಿ ಸುತ್ತಲೂ ಸಮ ಅಂತರದಲ್ಲಿ ತೂತು ಕೊರೆದು, ಟೈರ್ ಹಾಕಿ, ಗಾಳಿ ತುಂಬಿ ಬೀಡ್ ಪೂರ್ತಿ ಕೂತ ಮೇಲೆ ಗಿಡ್ಡ ಸ್ಕ್ರೂಗಳನ್ನು ಬೀಡ್‌ನ ರಬ್ಬರಿಗೆ ಬಿಗಿಯುತ್ತಾರೆ. ಟೈರ್ ಹಾಕಿದ ಮೇಲೆ ಡ್ರಿಲ್ ಹಿಡಿಯಬಾರದು. ಸ್ಕ್ರೂ ಉದ್ದವಾದರೆ ಟ್ಯೂಬ್ ಚುಚ್ಚುತ್ತದೆ, ಬೀಡ್‌ನ ತಂತಿಗೂ ಪೆಟ್ಟು. ರಿಮ್ ತಯಾರಿಸಿದವರು ಕೊರೆಯಬೇಡಿ ಅಂದಿದ್ದರೆ ಆ ದಾರಿ ಅಲ್ಲಿಗೇ ಬಿಡಿ.

ಶಕ್ತಿ ಜಾಸ್ತಿ ಇರುವ ಗಾಡಿಗೆ ಬೀಡ್‌ಲಾಕ್. ಇಲ್ಲಿ ಬೀಡ್ ರಿಮ್‌ನ ಹೊರ ಅಂಚಿನ ಮೇಲೆ ಕೂರುತ್ತದೆ, ಅದರ ಮೇಲೆ ಒಂದು ಉಂಗುರ ಇಟ್ಟು ಸುತ್ತಲೂ ಬೋಲ್ಟ್ ಹಾಕಿ ಅದುಮುತ್ತಾರೆ. ಇನ್ನು ಗಾಳಿಯ ಒತ್ತಡವನ್ನೇ ನಂಬಬೇಕಿಲ್ಲ. ಆದರೆ ಬೋಲ್ಟ್‌ಗಳನ್ನು ಸುಮ್ನೆ ಒಂದರ ಪಕ್ಕ ಒಂದು ಬಿಗಿಯುತ್ತಾ ಹೋದರೆ ಉಂಗುರ ಓರೆಯಾಗುತ್ತದೆ. ಎದುರು ಬದುರು ಬೋಲ್ಟ್ ಹಿಡಿದು, ಟಾರ್ಕ್ ರೆಂಚ್‌ನಲ್ಲಿ, ಎರಡು ಮೂರು ಸುತ್ತಿನಲ್ಲಿ ಹಂತ ಹಂತವಾಗಿ ಬಿಗಿಯಿರಿ. ಒತ್ತಿದ ರಬ್ಬರ್ ಕುಗ್ಗುವುದರಿಂದ ಮೊದಲ ಓಟದ ನಂತರ ಬೋಲ್ಟ್ ಸಡಿಲವಾಗಿರುತ್ತದೆ, ಮತ್ತೆ ನೋಡಬೇಕು. ಹೊರಬದಿಗೆ ಮಾತ್ರ ಬೀಡ್‌ಲಾಕ್ ಇದ್ದರೆ ಒಳಬದಿಯ ಬೀಡ್ ಇನ್ನೂ ಘರ್ಷಣೆಯ ಮೇಲೇ ನಿಂತಿದೆ. ಒಳಬದಿಯ ಗೆರೆಯನ್ನು ಟಾರ್ಚ್ ಬಿಟ್ಟು ನೋಡಿ, ಸರಿದಿದ್ದರೆ ಆ ಬದಿಗೂ ನರ್ಲಿಂಗ್ ಮಾಡಿಸಿ.