ಸಹೃದಯ: ದಾನಿಯಲ್ಲ, ಕೇಳುಗ

ಬಳ್ಳಾರಿಯಿಂದ ರಾಯಚೂರಿನ ತನಕ ಯಾವ ಸರ್ಕಲ್ಲಿನಲ್ಲಿ ನಿಂತರೂ ಹುಟ್ಟುಹಬ್ಬದ ಫ್ಲೆಕ್ಸೊಂದು ಕಣ್ಣಿಗೆ ಬೀಳುತ್ತದೆ: ‘ಸರಳ ಸಜ್ಜನ, ಬಡವರ ಬಂಧು, ಸಹೃದಯಿ’. ಪಕ್ಕದಲ್ಲೇ ಗುಡಿ ಜೀರ್ಣೋದ್ಧಾರದ ಬ್ಯಾನರು: ‘ಸಹೃದಯಿ ದಾನಿಗಳು ಧನಸಹಾಯ ಮಾಡಬೇಕಾಗಿ ವಿನಂತಿ’. ಈ ಪದಕ್ಕೆ ನಿಜವಾಗಿ ಕೆಲಸ ಇರುವುದು ಸಂಗೀತ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಲ್ಲಿ. ಅಲ್ಲಿ ‘ಕಲಾಭಿಮಾನಿಗಳು’ ಜಾಗ ಹಿಡಿದು ಕೂತಿದ್ದಾರೆ.

ಮೊದಲು ಆ ಕೊನೆಯ ‘ಇ’ಕಾರದ ವಿಚಾರ. ಸಹೃದಯ ಬಹುವ್ರೀಹಿ ಸಮಾಸ: ಸಮಾನವಾದ ಹೃದಯ ಯಾರಿಗೆ ಉಂಟೋ ಅವನು. ಮುಕ್ಕಣ್ಣ ಅಂದ ಕೂಡಲೇ ಮೂರು ಕಣ್ಣುಳ್ಳವನು ಅಂತ ಆಯಿತಲ್ಲ, ಅದರ ಮೇಲೆ ಇನ್ನೊಂದು ‘ಉಳ್ಳವನು’ ಹೇರುವುದಿಲ್ಲ. ಸಹೃದಯಿ ಅನ್ನುವಾಗ ಮಾಡುತ್ತಿರುವುದು ಅದನ್ನೇ. ನಿರಪರಾಧಿಯೂ ಇದೇ ದಾರಿಯಲ್ಲಿ ಬಂದವನು. ಅವನು ಕೋರ್ಟು ಕಚೇರಿಗಳಲ್ಲಿ ಗೆದ್ದು ಕೂತಾಗಿದೆ, ಎಬ್ಬಿಸಲಾಗದು. ಸಹೃದಯಿಯನ್ನೂ ಬಳಕೆಯ ಹೆಸರಿನಲ್ಲಿ ಬಿಟ್ಟುಬಿಡಬಹುದಿತ್ತು, ಅರ್ಥವಾದರೂ ಉಳಿದಿದ್ದರೆ. ‘ಸಹ್ರದಯ’ ಅಂತ ಅಚ್ಚು ಹಾಕಿಸುವವರ ಬಗ್ಗೆ ಮಾತು ಬೇಡ.

ಅರ್ಥ ಕೆಟ್ಟಿರುವುದು ‘ಸ’ಕಾರದಲ್ಲಿ. ಒಳ್ಳೆಯ ಎಂಬ ಅರ್ಥ ಬರುವುದು ‘ಸು’ದಿಂದ. ಒಳ್ಳೆಯ ಹೃದಯದವನು ಸುಹೃತ್, ಅಂದರೆ ಗೆಳೆಯ; ಅವನ ಎದುರಾಳಿ ದುರ್ಹೃತ್. ಸುಹೃತ್ ಮಿತ್ರನಿಗೆ, ದುರ್ಹೃತ್ ಶತ್ರುವಿಗೆ ಅಂತ ಪಾಣಿನಿ ಪ್ರತ್ಯೇಕ ಸೂತ್ರವನ್ನೇ ಬರೆದಿದ್ದಾನೆ. ‘ಸ’ ಹೇಳುವುದು ಜೊತೆಯನ್ನು, ಸಮಾನತೆಯನ್ನು. ಅಥರ್ವವೇದದ ಮೂರನೆಯ ಕಾಂಡದ 30ನೆಯ ಸೂಕ್ತ ಶುರುವಾಗುವುದೇ ‘ಸಹೃದಯಂ ಸಾಂಮನಸ್ಯಂ’ ಎಂದು. ಒಂದು ಮನೆಯವರ ಮನಸ್ಸು ಕೂಡಿರಲಿ, ಈಗತಾನೆ ಹುಟ್ಟಿದ ಕರುವನ್ನು ಆಕಳು ಹಚ್ಚಿಕೊಂಡಂತೆ ಒಬ್ಬರನ್ನೊಬ್ಬರು ಹಚ್ಚಿಕೊಳ್ಳಲಿ ಎಂಬ ಹಾರೈಕೆ ಅದು. ಅಲ್ಲಿಯೂ ದಾನಧರ್ಮದ ಸುದ್ದಿಯಿಲ್ಲ. ಇಬ್ಬರಿಲ್ಲದೆ ಈ ಪದ ನಿಲ್ಲುವುದಿಲ್ಲ ಅನ್ನುವುದು ಮುಖ್ಯ. ಯಾರ ಹೃದಯದ ಜೊತೆ ಎಂದು ಹೇಳದೆ ಒಬ್ಬ ಮನುಷ್ಯನನ್ನು ಬರಿದೇ ಸಹೃದಯ ಅನ್ನುವುದು, ಬೀಗ ತೋರಿಸದೆ ಇದು ಸರಿಯಾದ ಕೀಲಿ ಅಂದಂತೆ.

ಆ ಇನ್ನೊಬ್ಬ ಕವಿ, ನಟ ಅಥವಾ ಹಾಡುಗಾರ ಅಂತ ಗಟ್ಟಿ ಮಾಡಿದವರು ಕಾಶ್ಮೀರದ ಆಲಂಕಾರಿಕರು, ಅಂದರೆ ಕಾವ್ಯಶಾಸ್ತ್ರ ಬರೆದವರು. ಕಾವ್ಯವನ್ನು ಮತ್ತೆ ಮತ್ತೆ ಓದಿದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿ ಯಾರಿಗೆ ತಿಳಿಯಾಗಿದೆಯೋ, ಬಣ್ಣಿಸಿದ ವಸ್ತುವಿನಲ್ಲಿ ತಾನೇ ಅದಾಗುವ ಯೋಗ್ಯತೆ ಯಾರಿಗಿದೆಯೋ ಅವರು ಸಹೃದಯರು ಎನ್ನುತ್ತಾನೆ ಅವರಲ್ಲೊಬ್ಬನಾದ ಅಭಿನವಗುಪ್ತ. ಈ ಮಾತಿನಲ್ಲಿ ಜನ ಹಾರಿಸಿ ಓದುವ ಪದ ‘ಅಭ್ಯಾಸ’. ಇದು ಹುಟ್ಟುಗುಣವಲ್ಲ, ರೂಢಿ ಮಾಡಿಕೊಂಡ ಕಸುಬು. ಹಾಗಾಗಿ ಬಡ್ಡಿ ವ್ಯವಹಾರದ ಜಿಪುಣನೂ ಸಹೃದಯನಾಗಿರಬಹುದು, ಊರಿಗೆಲ್ಲ ಅನ್ನ ಹಾಕುವ ಪುಣ್ಯಾತ್ಮ ಆಲಾಪದ ನಡುವೆ ‘ಹಾಡು ಯಾವಾಗ ಶುರು ಮಾಡ್ತಾರ?’ ಅಂತ ಕೇಳಬಹುದು.

ಕೇಳುವಾಗ ಈ ಕಸುಬು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಮಾರ್ವಾ ರಾಗದಷ್ಟು ಚೊಕ್ಕ ಉದಾಹರಣೆ ಇಲ್ಲ. ಹಿಂದೂಸ್ತಾನಿ ಸಂಗೀತದ ಸಂಜೆಯ ರಾಗ. ಕೋಮಲ ರಿಷಭ, ತೀವ್ರ ಮಧ್ಯಮ, ಉಳಿದ ಗಾಂಧಾರ, ಧೈವತ, ನಿಷಾದ ಶುದ್ಧ, ಪಂಚಮ ವರ್ಜ್ಯ. ಹಾಡುವವರು ರಿಷಭ, ಧೈವತಗಳ ಮೇಲೆ ನಿಂತು ನಿಂತು ಷಡ್ಜವನ್ನು, ಅಂದರೆ ಆಧಾರ ಸ್ವರವಾದ ‘ಸ’ವನ್ನು ಮಾತ್ರ ಬೇಕಂತಲೇ ತಪ್ಪಿಸುತ್ತಾ ಹೋಗುತ್ತಾರೆ. ತಂಬೂರಿಯಲ್ಲಿ ಷಡ್ಜ ಮೊಳಗುತ್ತಲೇ ಇರುತ್ತದೆ, ಕಂಠ ಅಲ್ಲಿಗೆ ಬರುವುದಿಲ್ಲ. ಮನೆ ಕಾಣುತ್ತಿದೆ, ಒಳಗೆ ಹೋಗಲಾಗುತ್ತಿಲ್ಲ ಎಂಬ ಚಡಪಡಿಕೆಯೇ ಮಾರ್ವಾದ ಭಾವ. ಅದು ಹುಟ್ಟಬೇಕಾದರೆ, ಹಾಡದೆ ಬಿಟ್ಟ ಸ್ವರವನ್ನು ಕೇಳುಗ ಮನಸ್ಸಿನಲ್ಲಿ ಹಿಡಿದುಕೊಂಡಿರಬೇಕು. ಅಷ್ಟು ಕೆಲಸ ಅವನದು. ‘ಕಾವ್ಯಮೀಮಾಂಸೆ’ ಬರೆದ ರಾಜಶೇಖರ ಇದಕ್ಕೆ ಭಾವಯಿತ್ರಿ ಪ್ರತಿಭೆ ಎಂದು ಹೆಸರಿಟ್ಟ: ಕವಿಗೆ ಕಾರಯಿತ್ರಿ, ಸವಿಯುವವನಿಗೆ ಭಾವಯಿತ್ರಿ. ಎರಡೂ ಪ್ರತಿಭೆಯೇ.

ಹಿಡಿದುಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದನ್ನು ಹಾರ್ಮೋನಿಯಂ ಮೇಲೆ ನೋಡಬಹುದು. ‘ಬಿಳಿ ಒಂದು’ ಅನ್ನುವ ಮನೆಯನ್ನು ಷಡ್ಜ ಮಾಡಿಕೊಳ್ಳಿ. ಆ ಷಡ್ಜವನ್ನು ಬಿಟ್ಟು, ಮಂದ್ರ (ಕೆಳಗಿನ ಸ್ಥಾಯಿಯ) ಧೈವತದಿಂದ ಹಿಡಿದು ಧ, ನಿ, ಕೋಮಲ ರಿ, ಗ, ತೀವ್ರ ಮ ಎಂದು ಮಾರ್ವಾದ ಐದೂ ಸ್ವರ ಬಾರಿಸಿ. ಕಿವಿಗೆ ಬೀಳುವುದು ಭೂಪ ರಾಗ! ಧೈವತವೇ ಷಡ್ಜವಾಗಿ, ಸ ರಿ ಗ ಪ ಧ ಆಗಿಬಿಟ್ಟಿರುತ್ತದೆ. ಈಗ ಎಡಗೈಯಿಂದ ಬಾತೆ (ತಿದಿ) ಹಾಕುತ್ತಾ ನಿಜವಾದ ಷಡ್ಜದ ಮನೆಯೊಂದನ್ನು ಒತ್ತಿ ಹಿಡಿದು ಅದೇ ಐದನ್ನು ಮತ್ತೆ ಬಾರಿಸಿ. ನಗುತ್ತಿದ್ದ ಭೂಪ ಸಂಜೆಯ ಕಳವಳವಾಗುತ್ತದೆ. ಕಾರ್ಯಕ್ರಮಗಳಲ್ಲಿ ಸೌಂಡಿನವರು ‘ಗುಂಯ್ ಅಂತದ’ ಎಂದು ತಂಬೂರಿಯ ಮೈಕು ಇಳಿಸಿ ತಬಲಾ ಏರಿಸಿದಾಗ ಮೊದಲು ಸಾಯುವುದು ಇಂಥ ರಾಗ. ಸ್ಪೀಕರಿನ ಎದುರು ಮೊದಲ ಸಾಲಿಗಿಂತ ತಂಬೂರಿ ಕೇಳುವ ಪಕ್ಕದ ಜಾಗ ವಾಸಿ. ಮೊಬೈಲು ಎತ್ತಿ ರೆಕಾರ್ಡು ಮಾಡುವವನಿಗೆ ಷಡ್ಜ ಹಿಡಿದಿಡುವ ಜವಾಬ್ದಾರಿಯೇ ಇರುವುದಿಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಹಟಮಾರಿ. ಹಾಡು ಕೇಳಿ ಕಣ್ಣೀರು ಬಂದರೆ ಸಹೃದಯ ಎಂಬ ನಂಬಿಕೆ. ಯಾವ ಕಣ್ಣೀರು? ವಿರಹದ ಬಂದಿಶು ಕೇಳುತ್ತಾ ತನ್ನ ಮುರಿದ ಸಂಬಂಧ ನೆನೆಸಿಕೊಂಡು ಅತ್ತರೆ ಅದು ತನ್ನದೇ ಅಳು, ಹಾಡು ಬರೀ ನೆಪ. ರಸಕ್ಕೆ ಅಡ್ಡಬರುವ ಏಳು ವಿಘ್ನಗಳಲ್ಲಿ ತನ್ನ ಸ್ವಂತ ಸುಖದುಃಖಕ್ಕೆ ವಶವಾಗುವುದನ್ನೂ ಅಭಿನವಗುಪ್ತ ಎಣಿಸಿದ್ದಾನೆ. ಭಾವ ಆಳವಾಗಿರಬೇಕು, ಆದರೆ ಅದು ಹಾಡಿನ ಭಾವವಾಗಿರಬೇಕು. ಚಪ್ಪಾಳೆಯ ವಿಚಾರವೂ ಹೀಗೇ. ವಿಮರ್ಶಕರಲ್ಲಿ ನಾಲ್ಕು ಜಾತಿ ಹೇಳುವ ರಾಜಶೇಖರ ಒಬ್ಬನನ್ನು ‘ಸತೃಣಾಭ್ಯವಹಾರಿ’ ಎಂದು ಕರೆಯುತ್ತಾನೆ, ಹುಲ್ಲುಸಮೇತ ನುಂಗುವವನು. ಪ್ರತಿ ತಾನಿಗೂ, ತಬಲಾದವರ ಪ್ರತಿ ಹೊಡೆತಕ್ಕೂ ‘ವಾಹ್’ ಅನ್ನುವವರನ್ನು ಕಂಡೇ ಬರೆದಂತಿದೆ.

ಹಾಗಾದರೆ ಇದು ಪಂಡಿತರ ಸೊತ್ತೇ? ಅಲ್ಲ, ಮತ್ತು ಈ ಉತ್ತರ ಹುಡುಕಲು ಕಾಶ್ಮೀರದ ತನಕ ಹೋಗಬೇಕಿಲ್ಲ. ಸುಮಾರು 850ರ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ‘ಮಹಾಕೊಪಣ ನಗರ’ವನ್ನು, ಅಂದರೆ ಇವತ್ತಿನ ಕೊಪ್ಪಳವನ್ನು ಹೆಸರಿಸುತ್ತದೆ, ಈ ನಾಡಿನವರು ‘ಕುರಿತೋದದೆಯುಂ’ ಕಾವ್ಯಪ್ರಯೋಗದಲ್ಲಿ ಪಳಗಿದವರು ಅನ್ನುತ್ತದೆ. ಶಾಸ್ತ್ರ ಓದದೆಯೂ ಕಿವಿ ಪಳಗಬಹುದು. ಮೊಹರಮ್ಮಿನಲ್ಲಿ ಮುದಗಲ್ಲಿನ ಸುತ್ತಮುತ್ತ ರಿವಾಯತ್ ಪದ ಕೇಳುವವರನ್ನು ನೋಡಿದರೆ ಸಾಕು. ಕರ್ಬಲಾ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಲಾರದ ಹಿಂದೂ ಒಕ್ಕಲಿಗನೂ ಹಸನ್ ಹುಸೇನರ ಕಥೆ ಹಾಡಿನಲ್ಲಿ ಬರುವಾಗ ಗಂಟಲು ಕಟ್ಟಿ ನಿಲ್ಲುತ್ತಾನೆ. ಸತ್ತವರು ಅವನ ಬಂಧುಗಳಲ್ಲ, ಅವನು ನೆನೆಸಿಕೊಳ್ಳುತ್ತಿರುವುದು ತನ್ನ ದುಃಖವನ್ನಲ್ಲ. ವರ್ಷಾ ವರ್ಷಾ ಅದೇ ಪದ ಕೇಳಿದ ಅಭ್ಯಾಸ ಮಾತ್ರ ಇದೆ. ಅಭಿನವಗುಪ್ತ ಕೇಳಿದ್ದೂ ಅಷ್ಟೇ.

ರಾಯಚೂರು ಸೀಮೆಗೆ ಇದಕ್ಕೆ ತನ್ನದೇ ಪದವಿದೆ: ಆದರ. ಮಾನವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಭಕ್ತರು ‘ಇದನಾದರದಿ ಕೇಳುವುದು’ ಎಂದಿದ್ದಾರೆ. ಪ್ರತಿ ಸಂಧಿ ಹೇಳುವ ಮೊದಲು ಆ ಪದ್ಯ ಹೇಳುವ ರೂಢಿ. ಕೇಳುಗನ ಪಾಲಿನ ಕೆಲಸ ಏನೆಂದು ಅಲ್ಲೇ ಒಪ್ಪಿಸಿಬಿಟ್ಟಿದ್ದಾರೆ. ‘ಆದರದ ಸ್ವಾಗತ’ ಎಂದು ಆಮಂತ್ರಣದಲ್ಲಿ ಆದರವನ್ನು ಬಾಗಿಲಲ್ಲಿ ನಿಂತ ಸಂಘಟಕರಿಗೆ ಕೊಟ್ಟವರು ನಾವು.

ರಸಿಕ ಎಂಬ ಪದ ಹತ್ತಿರದ್ದೇ. ಆದರೆ ಅದು ಹುಡುಗಿಯರ ಹಿಂದೆ ತಿರುಗುವವನ ಹೆಸರಾಗಿ ಎಷ್ಟೋ ಕಾಲವಾಯಿತು.

ಬಳಕೆಯ ಮಾತು ಇಷ್ಟು. ಗಂಡಸಾದರೆ ಸಹೃದಯ, ಹೆಂಗಸಾದರೆ ಸಹೃದಯೆ, ಗುಣವನ್ನು ಹೇಳುವಾಗ ಸಹೃದಯತೆ. ವಿರುದ್ಧಪದ ಕ್ರೂರಿಯಲ್ಲ, ಅಹೃದಯ. ನಾಟ್ಯದಲ್ಲಿ ಹಾಡು, ವಾದ್ಯ ಸೇರಿಸುವುದೇ ಅಂಥವನನ್ನೂ ಸಹೃದಯನನ್ನಾಗಿ ಮಾಡಲು ಎಂದು ಅಭಿನವಗುಪ್ತನೇ ಬರೆದಿದ್ದಾನೆ. ಫ್ಲೆಕ್ಸಿಗೆ ಉದಾರಿ, ಕರುಣಾಳು, ಕೊಡುಗೈ ದಾನಿ, ದೊಡ್ಡ ಮನಸ್ಸಿನವರು ಎಂದು ಹಾಕಿಸಬಹುದು. ಪ್ರಿಂಟಿಂಗಿನವರು ರೇಟು ಹಾಕುವುದು ಚದರಡಿ ಲೆಕ್ಕದಲ್ಲಿ, ಪದದ ಲೆಕ್ಕದಲ್ಲಲ್ಲ.