ನಾಯಿಗೆ ಚೆಲ್ಲಾಟ, ಕೋಳಿಗೆ ಪ್ರಾಣಸಂಕಟ: ಹಿತ್ತಲಲ್ಲಿ ಎರಡನ್ನೂ ಸಾಕುವುದು ಹೇಗೆ?

ಪ್ರಶ್ನೆ: ನಮ್ಮದು ಒಂದು ವರ್ಷದ ಲ್ಯಾಬ್ರಡಾರ್ ಗಂಡು. ಮನೆಯವರ ಜೊತೆ, ಮಕ್ಕಳ ಜೊತೆ ಬಲು ಸಾಧು. ಈಗ ಹಿತ್ತಲಿಗೆ ಆರು ಗಿರಿರಾಜ ಹೇಟೆ, ಒಂದು ಹುಂಜ ತಂದಿದ್ದೇವೆ. ಗೂಡಿನ ಬಾಗಿಲು ತೆಗೆದರೆ ಸಾಕು, ನಾಯಿ ಅಟ್ಟಿಸಿಕೊಂಡು ಹೋಗುತ್ತದೆ. ಮೊನ್ನೆ ಒಂದು ಹೇಟೆ ಸತ್ತೇ ಹೋಯಿತು, ಮೈಮೇಲೆ ಗಾಯವೇನೂ ಕಾಣಲಿಲ್ಲ. ನಾಲ್ಕು ಬಿಗಿದರೂ ನಾಯಿಗೆ ಬುದ್ಧಿ ಬಂದಿಲ್ಲ. ಎರಡನ್ನೂ ಸಾಕಲು ಸಾಧ್ಯವೇ?

ಉತ್ತರ: ಸಾಧ್ಯ, ಎರಡು ಷರತ್ತಿನ ಮೇಲೆ. ಮೊದಲ ಮೂರು ವಾರ ನಾಯಿಗೆ ಕೋಳಿಯನ್ನು ಓಡಿಸುವ ಅವಕಾಶ ಒಂದೇ ಒಂದು ಸಲವೂ ಸಿಗಬಾರದು. ಆಮೇಲೂ ದೊಡ್ಡವರು ಯಾರೂ ಇಲ್ಲದಾಗ ಎರಡನ್ನೂ ಒಂದೇ ಜಾಗದಲ್ಲಿ ಬಿಟ್ಟು ಹೋಗಬಾರದು. ಲ್ಯಾಬ್ರಡಾರ್‌ಗೆ ಎರಡು ವರ್ಷ ತುಂಬುವವರೆಗಂತೂ ಈ ಎರಡನೆಯ ಮಾತಿಗೆ ವಿನಾಯಿತಿಯೇ ಇಲ್ಲ.

ಮೊದಲು, ನಾಯಿ ಯಾಕೆ ಹೀಗೆ ಮಾಡುತ್ತದೆ ಅನ್ನುವುದು. ಹಸಿವಿಗಲ್ಲ. ಹೊಟ್ಟೆ ತುಂಬ ಅನ್ನ ಹಾಕಿದರೆ ಸುಮ್ಮನಾಗುತ್ತದೆ ಎಂದು ಹಲವರು ನಂಬುತ್ತಾರೆ, ಸುಮ್ಮನಾಗುವುದಿಲ್ಲ. ನಾಯಿಯ ಬೇಟೆ ಹಲವು ತುಣುಕುಗಳ ಸಾಲು: ಗಮನಿಸುವುದು, ದಿಟ್ಟಿಸುವುದು, ಹೊಂಚು ಹಾಕುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಆಟದಲ್ಲೂ ಇವೇ ತುಣುಕುಗಳು ಬರುತ್ತವೆ, ಕೊನೆಯವು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾಬ್ರಡಾರನ್ನು ಬೆಳೆಸಿದ್ದೇ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಬಾಯಲ್ಲಿ ಮೆತ್ತಗೆ ಹಿಡಿದು ತರಲಿಕ್ಕೆ. ಹಾಗಾಗಿ ಅದು ಓಡಿಸುತ್ತದೆ, ಹಿಡಿಯುತ್ತದೆ, ಹೊತ್ತು ತಿರುಗುತ್ತದೆ. ಮುಧೋಳ ನಾಯಿಯ ಲೆಕ್ಕ ಬೇರೆ. ಅದು ಓಡುವ ಮೊಲದ ಬೆನ್ನು ಹತ್ತಲೆಂದು ಬೆಳೆಸಿದ ತಳಿ, ಕಣ್ಣಿಗೆ ಬಿದ್ದ ಚಲನೆಯೇ ಅದಕ್ಕೆ ಕರೆ. ಯಾವ ತಳಿಯಾದರೂ ಓಟದಲ್ಲೇ ನಾಯಿಗೆ ಖುಷಿ ಸಿಕ್ಕಿಬಿಡುತ್ತದೆ. ಬೇರೆ ಬಹುಮಾನ ಬೇಕಿಲ್ಲ. ಒಂದು ಸಲ ಓಡಿಸಿದರೆ ಮುಂದಿನ ಸಲಕ್ಕೆ ಚಟ ಇನ್ನಷ್ಟು ಗಟ್ಟಿಯಾಗುತ್ತದೆ.

ಹೊಡೆತ ಕೆಲಸಕ್ಕೆ ಬಾರದಿರುವುದೂ ಇದರಿಂದಲೇ. ಓಟದ ಮಜಾ ಆಗಲೇ ಸಿಕ್ಕಾಗಿದೆ, ನೀವು ಕೋಲು ಹಿಡಿದು ಬರುವುದು ಆಮೇಲೆ. ನಾಯಿ ಕಲಿಯುವುದು ನಿಮ್ಮ ಕೈಗೆ ಸಿಗದೆ ತಪ್ಪಿಸಿಕೊಳ್ಳುವುದನ್ನು, ಅಥವಾ ನೀವಿಲ್ಲದಾಗ ಓಡಿಸುವುದನ್ನು. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟುವ ಹಳೇ ಪದ್ಧತಿಯೂ ಅಷ್ಟೇ. ನಾಯಿಗೆ ಹಿಂಸೆ, ಹಿತ್ತಲಿಗೆ ರೋಗ, ಬೇರೆ ಪ್ರಯೋಜನವಿಲ್ಲ.

ಗಾಯವಿಲ್ಲದೆ ಹೇಟೆ ಸತ್ತದ್ದು ಹೇಗೆ? ಕೋಳಿಗೆ ನಮ್ಮ ಹಾಗೆ ವಪೆ (ಎದೆ ಹೊಟ್ಟೆಯ ನಡುವೆ ಇದ್ದು ಉಸಿರೆಳೆಯುವ ಸ್ನಾಯು) ಇಲ್ಲ. ಎದೆಯ ಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಮೂವತ್ತು ಕಿಲೋ ನಾಯಿ ಆಟಕ್ಕೆಂದು ಪಂಜದಲ್ಲಿ ಅದುಮಿ ಹಿಡಿದರೂ ಎದೆ ಆಡದೆ ಉಸಿರುಕಟ್ಟಿ ಸಾಯುತ್ತದೆ. ಬಾಯಲ್ಲಿ ಹಿಡಿದಿದ್ದರೆ ಕೋರೆಹಲ್ಲಿನ ತೂತು ಪುಕ್ಕದಡಿ ಮುಚ್ಚಿಹೋಗಿರುತ್ತದೆ, ಪುಕ್ಕ ಬಿಡಿಸದೆ ಕಾಣುವುದಿಲ್ಲ. ಬಿಸಿಲೂ ಒಂದು ಕಾರಣವಾಗಬಹುದು. ಕೋಳಿಗೆ ಬೆವರಿಲ್ಲ, ಗಿರಿರಾಜ ಭಾರದ ತಳಿ, ಮಧ್ಯಾಹ್ನ ಎರಡು ಸುತ್ತು ಓಡಿಸಿದರೆ ಕೊಕ್ಕು ತೆರೆದು ಏದುಸಿರು ಬಿಡುತ್ತಾ ಕುಸಿದು ಬೀಳುತ್ತದೆ. ಬೆದರಿದ ಹಿಂಡು ಗೂಡಿನ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದರೆ ಅಡಿಯಲ್ಲಿ ಸಿಕ್ಕದ್ದು ಸಾಯುವುದೂ ಉಂಟು. ಸಾಯದೆ ಉಳಿದವು ಕೆಲವು ದಿನ ಮೊಟ್ಟೆ ನಿಲ್ಲಿಸಿದರೆ ಆಶ್ಚರ್ಯಪಡಬೇಡಿ.

ನಾಟಿ ಕೋಳಿ ಆಗಿದ್ದರೆ ಹಲಸಿನ ಮರ ಹತ್ತಿ ಕೂತು ಬಚಾವಾಗುತ್ತಿತ್ತು. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜಕ್ಕೆ ಮೈತೂಕ ಹೆಚ್ಚು, ಹಾರಾಟ ಕಡಿಮೆ. 2005ರಲ್ಲಿ ಬಂದ ಸ್ವರ್ಣಧಾರ ತಳಿ ಅದಕ್ಕಿಂತ ಹಗುರ, ಓಡಿ ತಪ್ಪಿಸಿಕೊಳ್ಳುವುದರಲ್ಲಿ ವಾಸಿ. ನಾಯಿ ಇರುವ ಮನೆಯಲ್ಲಿ ಮುಂದಿನ ಸಲ ಮರಿ ತರುವಾಗ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೇಲಿ ಹಾರುತ್ತವೆಂದು ರೆಕ್ಕೆ ಕತ್ತರಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ತಪ್ಪಿಸಿಕೊಳ್ಳಲು ಕೋಳಿಗೆ ರೆಕ್ಕೆಯೂ ಒಂದು ದಾರಿ.

ಬೇಲಿ ಮೊದಲು, ಪಾಠ ಆಮೇಲೆ

ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆ ಕಂಡಿಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಲ್ಯಾಬ್ರಡಾರ್ ಎರಡು ಕಾಲೂರಿ ಒರಗಿದರೆ ಬಗ್ಗುತ್ತದೆ, ಹಲ್ಲು ಹಾಕಿದರೆ ಹರಿಯುತ್ತದೆ. ಒಂದು ಇಂಚು ಕಂಡಿಯ, 14 ಗೇಜಿನ ವೆಲ್ಡ್ ಮೆಶ್ ತನ್ನಿ. ನೆಲದಿಂದ ಎರಡು ಅಡಿವರೆಗೆ ಅರ್ಧ ಇಂಚಿನ ಕಂಡಿಯ ಇನ್ನೊಂದು ಪದರ ಕಟ್ಟಿದರೆ ಮುಂಗುಸಿ, ಹೆಗ್ಗಣದ ಕಾಟವೂ ತಗ್ಗುತ್ತದೆ. ನಿಮ್ಮ ನಾಯಿಗೆ ಐದಡಿ ಎತ್ತರ ಸಾಕು, ಮುಧೋಳದಂಥ ಉದ್ದಕಾಲಿನದಕ್ಕೆ ಆರಡಿ ಬೇಕು.

ಜನ ತಪ್ಪುವುದು ಬುಡದಲ್ಲಿ. ನಾಯಿ ಕೆರೆಯಲು ಶುರುಮಾಡುವುದು ಬೇಲಿಯ ಬುಡಕ್ಕೆ ಮೂಗು ತಾಗುವ ಜಾಗದಲ್ಲೇ. ಅದಕ್ಕೆ ಮೆಶ್‌ನ ಒಂದೂವರೆ ಅಡಿ ಪಟ್ಟಿಯನ್ನು ಬೇಲಿಗೆ ಬಿಗಿಯಾಗಿ ಕಟ್ಟಿ, ಹೊರಮುಖವಾಗಿ ನೆಲದ ಮೇಲೆ ಹಾಸಿ, ಮೇಲೆ ಎರಡು ಮೂರು ಇಂಚು ಮಣ್ಣು ಮುಚ್ಚಿ. ನಾಯಿ ತಂತಿಯ ಮೇಲೇ ನಿಂತು ಕೆರೆಯುತ್ತದೆ, ಉಗುರಿಗೆ ತಂತಿ ಸಿಗುತ್ತದೆ, ಬಿಡುತ್ತದೆ. ಆಳವಾಗಿ ಕಾಲುವೆ ತೋಡಿ ಮೆಶ್ ಹೂಳುವುದಕ್ಕಿಂತ ಇದು ಸುಲಭ, ಗಟ್ಟಿ ಜಂಬಿಟ್ಟಿಗೆ ನೆಲದಲ್ಲಂತೂ ಇದೇ ದಾರಿ.

ಆರೇಳು ಕೋಳಿಗೆ ಹಗಲು ಓಡಾಡಲು 7 ಅಡಿ ಅಗಲ, 10 ಅಡಿ ಉದ್ದದ ಆವರಣ ಬೇಕು, ರಾತ್ರಿಯ ಗೂಡಿನಲ್ಲಿ ತಲೆಗೆ ಎರಡು ಚದರ ಅಡಿ. ಕೂರುವ ಬೊಂಬನ್ನು ಎರಡು ಅಡಿಗಿಂತ ಎತ್ತರಕ್ಕೆ ಕಟ್ಟಬೇಡಿ. ಗಿರಿರಾಜದಂಥ ಭಾರದ ಕೋಳಿ ಅಲ್ಲಿಂದ ದುಮುಕಿ ದುಮುಕಿ ಪಾದದಡಿ ಬಾವು ಬರಿಸಿಕೊಳ್ಳುತ್ತದೆ. ಚಿಲಕ ನಾಯಿಯ ಮೂಗಿಗೆ ಎಟುಕದಷ್ಟು ಮೇಲಿರಲಿ. ಮೂತಿಯಿಂದ ತಳ್ಳಿ ಸರಿಸಬಲ್ಲ ಅಡ್ಡಚಿಲಕಕ್ಕೆ ಕೊಂಡಿಯೂ ಬೇಕು.

ಮೊದಲ ವಾರಗಳಲ್ಲಿ ಬೇಲಿಗೆ ಎರಡೂವರೆ ಅಡಿ ಎತ್ತರಕ್ಕೆ ಶೇಡ್ ನೆಟ್ ಕಟ್ಟಿ. ಇಲ್ಲದಿದ್ದರೆ ನಾಯಿ ಬೇಲಿಯ ಗುಂಟ ಆಚೆ ಈಚೆ ಓಡಿ ಓಡಿ ಅದೇ ಆಟವನ್ನು ಹೊರಗಿನಿಂದ ಆಡುತ್ತದೆ. ಕೋಳಿ ಬೆದರುವುದು ತಪ್ಪುವುದಿಲ್ಲ, ನಾಯಿಯ ಚಟ ಬೆಳೆಯುವುದೂ ತಪ್ಪುವುದಿಲ್ಲ. ಪಾಠ ಕೂಡಿಬಂದ ಹಾಗೆ ನೆಟ್ಟನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸಬಹುದು.

ಪಾಠದ ಕ್ರಮ

ಕೊರಳ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್ ಇರಲಿ, ನುಗ್ಗಿದಾಗ ಕತ್ತಿಗೆ ಪೆಟ್ಟಾಗುವುದಿಲ್ಲ. ಆರಡಿ ಹಗ್ಗ. ಬಟಾಣಿ ಕಾಳಿನಷ್ಟು ಚಿಕ್ಕ ತುಂಡುಗಳಾಗಿ ಬೇಯಿಸಿದ ಕೋಳಿ ಮಾಂಸ ಅಥವಾ ಪನೀರ್, ಉಪ್ಪು ಖಾರ ಇಲ್ಲದೆ. (ಕೋಳಿ ಮಾಂಸ ಕೊಟ್ಟರೆ ಕೋಳಿಯ ರುಚಿ ಹತ್ತುತ್ತದೆ ಎಂಬ ಭಯ ಬೇಡ, ಬೆಂದ ತುಂಡಿಗೂ ಹಿತ್ತಲಲ್ಲಿ ಓಡುವ ಹಕ್ಕಿಗೂ ನಾಯಿ ಸಂಬಂಧ ಕಲ್ಪಿಸುವುದಿಲ್ಲ.) ಹೊತ್ತು ನಡುಮಧ್ಯಾಹ್ನ, ಕೋಳಿಗಳು ನೆರಳಲ್ಲಿ ಮಲಗಿರುವಾಗ. ಬೆಳಿಗ್ಗೆ ಗೂಡು ಬಿಚ್ಚುವ ಹೊತ್ತು, ಸಂಜೆ ಗೂಡು ಸೇರುವ ಹೊತ್ತು ಮೊದಲಿಗೆ ಬೇಡ. ಆಗ ರೆಕ್ಕೆ ಬಡಿತ, ನೂಕಾಟ ಜಾಸ್ತಿ.

ನಾಯಿಗೆ ಕೋಳಿ ಕಾಣಿಸಬೇಕು, ಆದರೂ ನಿಮ್ಮ ಕೈಯ ತುಂಡನ್ನು ತಿನ್ನುವಷ್ಟು ಸಮಾಧಾನ ಇರಬೇಕು. ಅಷ್ಟು ದೂರದಿಂದ ಶುರುಮಾಡಿ. ಮೂವತ್ತಡಿ ಆಗಬಹುದು, ಐವತ್ತೂ ಆಗಬಹುದು. ನಾಯಿ ಕೋಳಿಯತ್ತ ನೋಡಿದ ತಕ್ಷಣ "ಸರಿ" ಎನ್ನಿ, ತುಂಡನ್ನು ನಿಮ್ಮ ಮೊಣಕಾಲ ಬಳಿ ಕೊಡಿ. ಅಂದರೆ ತಿನ್ನಲು ಅದು ಕೋಳಿಗೆ ಬೆನ್ನು ತಿರುಗಿಸಲೇಬೇಕು. ಹತ್ತು ಸಲ, ಐದು ನಿಮಿಷ, ಅಲ್ಲಿಗೆ ಮುಗಿಸಿ. ದಿನಕ್ಕೆ ಎರಡು ಹೊತ್ತು. ಹತ್ತರಲ್ಲಿ ಎಂಟು ಸಲ ನೀವು ಬಾಯಿ ಬಿಡುವ ಮೊದಲೇ ತಾನಾಗಿ ನಿಮ್ಮ ಮುಖ ನೋಡಿದರೆ ಮರುದಿನ ಮೂರಡಿ ಹತ್ತಿರ ಹೋಗಿ. ಕುಂಯ್‌ಗುಟ್ಟಿದರೆ, ಹಗ್ಗ ಜಗ್ಗಿದರೆ, ತುಂಡು ಮೂಸದೆ ಬಿಟ್ಟರೆ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ, ಆರಡಿ ಹಿಂದೆ ಸರಿಯಿರಿ. "ಬಿಡು", "ಬಾ" ಎರಡನ್ನೂ ಮನೆಯೊಳಗೆ ಬಿಸ್ಕತ್ತು, ಚಪ್ಪಲಿ ಇಟ್ಟು ಬೇರೆಯಾಗಿ ಕಲಿಸಿ. ಕೋಳಿಯ ಮುಂದೆ ಹೊಸ ಮಾತು ಹತ್ತುವುದಿಲ್ಲ.

ಕೂತ ಕೋಳಿಯ ಮುಂದೆ ಸುಮ್ಮನಿರುವ ನಾಯಿ ಓಡುವ ಕೋಳಿಯ ಮುಂದೆ ಸುಮ್ಮನಿರುತ್ತದೆ ಎಂದುಕೊಳ್ಳಬೇಡಿ. ಅದು ಬೇರೆಯೇ ಪರೀಕ್ಷೆ. ಮನೆಯವರೊಬ್ಬರು ಜೋಳ ಎರಚಿ ಕೋಳಿಗಳನ್ನು ಓಡಿ ಬರುವಂತೆ ಮಾಡಲಿ, ನೀವು ನಾಯಿಯನ್ನು ಇಪ್ಪತ್ತು ಮೂವತ್ತಡಿ ಆಚೆ ಹಿಡಿದು ಮೊದಲಿನ ಪಾಠವನ್ನೇ ಮಾಡಿಸಿ. ಮಣ್ಣುಸ್ನಾನವೂ ಹಾಗೆಯೇ. ಕೋಳಿ ಮಗ್ಗುಲಾಗಿ ಬಿದ್ದು, ಒಂದು ಕಾಲು ಚಾಚಿ, ರೆಕ್ಕೆಯಡಿ ಧೂಳು ತುಂಬಿಕೊಂಡು ಒದ್ದಾಡುವುದು ನಾಯಿಯ ಕಣ್ಣಿಗೆ ಗಾಯಗೊಂಡ ಹಕ್ಕಿಯ ಹಾಗೇ ಕಾಣಬಹುದು. ಇನ್ನು ಹೂಮರಿಗಳ ಚಿಲಿಪಿಲಿಗೆ ದೊಡ್ಡ ಕೋಳಿಯೊಂದಿಗೆ ಪಳಗಿದ ನಾಯಿಯೂ ತಾಳ್ಮೆ ಕಳೆದುಕೊಳ್ಳುತ್ತದೆ. ಮರಿ ಎದ್ದಾಗ ಮತ್ತೆ ಮೊದಲಿನಿಂದ.

ಇಷ್ಟಾದ ಮೇಲೆ ಹದಿನೈದು ಅಡಿ ಹಗ್ಗವನ್ನು ನೆಲದ ಮೇಲೆ ಎಳೆದುಕೊಂಡು ಓಡಾಡಲು ಬಿಡಿ. ನುಗ್ಗಿದರೆ ನೀವು ಹಗ್ಗ ತುಳಿಯಬಹುದು. ಹಗ್ಗ ಬಿಚ್ಚುವುದು ಅದರ ನಂತರದ ಮಾತು, ಲ್ಯಾಬ್ರಡಾರ್‌ಗೆ ಒಂದೆರಡು ತಿಂಗಳು ಹಿಡಿಯಬಹುದು.

ಪಾಠ ಕೆಡುವುದು ಸಾಮಾನ್ಯವಾಗಿ ನಾಯಿಯಿಂದಲ್ಲ, ಮನೆಯವರಿಂದ. ಒಬ್ಬರು ಹಗ್ಗ ಹಿಡಿದು ಕಲಿಸುತ್ತಾರೆ, ಇನ್ನೊಬ್ಬರು ಒಂದು ದಿನ ತಾನೇ ಎಂದು ಬಿಟ್ಟುಬಿಡುತ್ತಾರೆ. ಆಗೊಮ್ಮೆ ಈಗೊಮ್ಮೆ ಸಿಗುವ ಓಟ ದಿನಾ ಸಿಗುವ ಓಟಕ್ಕಿಂತ ಗಟ್ಟಿಯಾದ ಚಟ. ಮಕ್ಕಳು ಕೂಗುತ್ತಾ ಕೋಳಿಯ ಹಿಂದೆ ಓಡುವುದು ಇನ್ನೊಂದು. ಪಕ್ಕದ ಮನೆಯ ನಾಯಿ ಬಂದು ಸೇರಿಕೊಂಡರಂತೂ ನಿಮ್ಮ ನಾಯಿ ಕಲಿತದ್ದನ್ನೆಲ್ಲ ಮರೆಯುತ್ತದೆ.

ಓಡುವ ಆಸೆಗೂ ಒಂದು ದಾರಿ ಕೊಡಬೇಕಲ್ಲ. ಐದಡಿ ಬಿದಿರುಕೋಲಿನ ತುದಿಗೆ ಆರಡಿ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆ ಕಟ್ಟಿ. ನೆಲದ ಮೇಲೇ ಸುತ್ತಿಸಿ, ಆಗಾಗ ಹಿಡಿಯಲು ಬಿಡಿ, ಹಿಡಿದದ್ದನ್ನು "ಬಿಡು" ಎಂದು ಬಿಡಿಸಿ. ಕೋಳಿ ಬಿಡುವ ಮೊದಲು ಹತ್ತು ನಿಮಿಷ ಇದನ್ನು ಆಡಿಸಿ. ಮೇಲಕ್ಕೆ ನೆಗೆಸಬೇಡಿ, ಬೆಳೆಯುವ ಲ್ಯಾಬ್ರಡಾರ್‌ನ ಕೀಲುಗಳಿಗೆ ಒಳ್ಳೆಯದಲ್ಲ. ಬಟ್ಟೆಯ ಜೊತೆ ಕೋಳಿ ಪುಕ್ಕ ಕಟ್ಟುವ ಉಪಾಯ ಹೊಳೆದರೆ ಅದನ್ನು ಕೈಬಿಡಿ.

ನಾಯಿಯ ಮೈಯನ್ನು ಓದುವುದೂ ಬೇಕು. ಮುಂಗಾಲು ಚಾಚಿ ಹಿಂಭಾಗ ಎತ್ತಿ, ಬಾಯಿ ಸಡಿಲಬಿಟ್ಟು ಕುಣಿಯುತ್ತಿದ್ದರೆ ಅದು ಆಟಕ್ಕೆ ಕರೆ, "ಬಾ" ಎಂದರೆ ಕೇಳಿಸುತ್ತದೆ. ತಲೆ ಬೆನ್ನಿನ ಮಟ್ಟಕ್ಕೆ ಇಳಿದು, ಬಾಯಿ ಮುಚ್ಚಿ, ಬಾಲ ನಿಂತು, ಒಂದೇ ಕೋಳಿಯ ಮೇಲೆ ಕಣ್ಣು ನೆಟ್ಟಿದ್ದರೆ ಕೂಗುತ್ತಾ ನಿಲ್ಲಬೇಡಿ, ಹಗ್ಗ ಹಿಡಿದು ಹೊರಗೆ ಕರೆದೊಯ್ಯಿರಿ. ಬೊಗಳುವ ನಾಯಿಗಿಂತ ಸದ್ದಿಲ್ಲದ ನಾಯಿಗೆ ಹೆದರಬೇಕು.

ನಾಯಿ ಬಾಯಿ ಹಾಕಿಯೇ ಬಿಟ್ಟರೆ

ಮೊದಲು ನಾಯಿಯನ್ನು ಕಟ್ಟಿ. ಬಾಯಲ್ಲಿರುವ ಕೋಳಿಯನ್ನು ಎಳೆಯಬೇಡಿ, ಎಳೆದಷ್ಟೂ ಚರ್ಮ ಹರಿಯುತ್ತದೆ. ತುಂಡು ತೋರಿಸಿ ಬಿಡಿಸಿ. ಕೋಳಿಯನ್ನು ಬಟ್ಟೆ ಹಾಸಿದ, ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಕತ್ತಲೆ ಮಾಡಿ ಅರ್ಧ ಗಂಟೆ ಇಡಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಆಮೇಲೆ ಬೆನ್ನು, ತೊಡೆ, ರೆಕ್ಕೆಯ ಬುಡದಲ್ಲಿ ಪುಕ್ಕ ಬಿಡಿಸಿ ತೂತು ಹುಡುಕಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ತೊಳೆಯಿರಿ. ನಂತರ ಪೊವಿಡೋನ್ ಅಯೋಡಿನ್ ಅನ್ನು ತೆಳು ಟೀ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ. ಆಳದ ತೂತನ್ನು ಮೇಲಿನಿಂದ ಮುಚ್ಚಿದರೆ ಒಳಗೆ ಕೀವು ಕಟ್ಟುತ್ತದೆ, ತೆರೆದೇ ಇರಲಿ. ರಕ್ತ ಕಂಡರೆ ಉಳಿದ ಕೋಳಿಗಳೇ ಕುಕ್ಕಿ ಸಾಯಿಸುತ್ತವೆ, ಬೇರೆ ಇಡಿ. ಮಳೆಗಾಲದಲ್ಲಿ ಒಂದೇ ದಿನದಲ್ಲಿ ಹುಳು ಬೀಳಬಹುದು, ಬೆಳಿಗ್ಗೆ ಸಂಜೆ ನೋಡುತ್ತಿರಿ.

ಚರ್ಮದಡಿ ಗಾಳಿ ತುಂಬಿ ಊದಿದ್ದರೆ, ಕೊಕ್ಕು ತೆರೆದೇ ಉಸಿರಾಡುತ್ತಿದ್ದರೆ, ಕಾಲೂರದಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕರ್ನಾಟಕದಲ್ಲಿ ಪಶು ಇಲಾಖೆಯ 1962 ಸಹಾಯವಾಣಿಗೂ ಕರೆ ಮಾಡಬಹುದು. ನಾಯಿಯ ಬಾಯಿಯ ಸೋಂಕಿಗೆ ಬಹುಪಾಲು ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಆಗಲೇ ಕೇಳಿಕೊಳ್ಳಿ. ಉಲ್ಟಾ ಪ್ರಸಂಗವೂ ಇದೆ: ಮರಿಯಿರುವ ಹೇಟೆಯೇ ನಾಯಿಯ ಕಣ್ಣಿಗೆ ಕುಕ್ಕುತ್ತದೆ. ಕಣ್ಣು ಮುಚ್ಚಿ ನೀರು ಸುರಿಸುತ್ತಿದ್ದರೆ ನಾಳೆಗೆ ಮುಂದೂಡಬೇಡಿ.

ಸತ್ತ ಕೋಳಿಯನ್ನು ನಾಯಿಗೆ ಹಾಕಬೇಡಿ. 2004ರಲ್ಲಿ ಥಾಯ್ಲೆಂಡಿನಲ್ಲಿ ಸೋಂಕಿತ ಬಾತುಕೋಳಿ ತಿಂದ ನಾಯಿ ಹಕ್ಕಿಜ್ವರದಿಂದ ಸತ್ತದ್ದು ದಾಖಲಾಗಿದೆ. ಕೊಕ್ಕರೆ ರೋಗದಿಂದ (ಕೋಳಿಗೆ ಬರುವ ರಾಣಿಖೇತ್ ರೋಗ) ಸತ್ತ ಕೋಳಿಯ ಹೆಣವನ್ನು ಎಳೆದಾಡಿದರೆ ರೋಗ ಊರೆಲ್ಲ ಹರಡುತ್ತದೆ. ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಕೋಳಿ ಫೀಡಿನ ಚೀಲವೂ ನಾಯಿಗೆ ಎಟುಕಬಾರದು. ಕೆಲವು ಫೀಡಿನಲ್ಲಿ ರಕ್ತಭೇದಿ ತಡೆಗೆ ಬೆರೆಸುವ ಮೊನೆನ್ಸಿನ್‌ನಂಥ ಔಷಧ ನಾಯಿಗೆ ವಿಷ, ಹಿಂಗಾಲಿನ ಶಕ್ತಿ ಉಡುಗಿಹೋಗುತ್ತದೆ. ಹಿಕ್ಕೆ ತಿನ್ನುವ ಚಟಕ್ಕೆ ದಿನಾ ಗುಡಿಸುವುದೇ ಮದ್ದು. ಕೋಳಿ ಹೇನು ನಾಯಿಯ ಮೈಯಲ್ಲಿ ಬದುಕುವುದಿಲ್ಲ, ಆ ಚಿಂತೆ ಬೇಡ.

ಇಷ್ಟೆಲ್ಲ ಮಾಡಿಯೂ ನಾಯಿ ಮತ್ತೊಂದು ಕೋಳಿಯನ್ನು ಹಿಡಿದರೆ ಪಾಠ ನಿಲ್ಲಿಸಿ ಪಾಳಿ ಹಾಕಿಕೊಳ್ಳಿ. ಮುಧೋಳ ನಾಯಿ ಇದ್ದವರು ಮೊದಲೇ ಹಾಗೆ ಮಾಡುವುದು ವಾಸಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹಿತ್ತಲು ಕೋಳಿಗಳದು, ನಾಯಿ ಮನೆಯೊಳಗೆ ಅಥವಾ ಮುಂದಿನ ಅಂಗಳದಲ್ಲಿ. ನಾಲ್ಕಕ್ಕೆ ಜೋಳ ತೋರಿಸಿ ಕೋಳಿಗಳನ್ನು ಆವರಣಕ್ಕೆ ಸೇರಿಸಿ, ತಲೆ ಎಣಿಸಿ, ಚಿಲಕ ಕೊಂಡಿ ಎರಡೂ ಹಾಕಿ, ಆಮೇಲೆ ನಾಯಿಯನ್ನು ಬಿಡಿ.